ಹುಲ್ಲಿನ ಹೆಣ

ಪಂದ್ಯ ಶುರುವಾಗಲು ಇನ್ನೂ ಸಮಯವಿತ್ತು. ಗ್ಯಾಲರಿಯಲ್ಲಿ ನಾಲ್ವರು ಅಭಿಮಾನಿಗಳು ಫುಟ್‌ಬಾಲ್ ಕ್ಲಬ್ಬಿನ ಹಳೆಯ ಮಾಲೀಕನನ್ನು ನೆನೆದು ಬೈಯುತ್ತಿದ್ದರು.

“ಕ್ಯಾಪ್ಟನ್‌ನ ಮಾರ್ದ, ಜೆರ್ಸಿ ಬಣ್ಣ ಬದಲಾಯಿಸ್ದ, ಟೀಮನ್ನ ಎರಡನೇ ಡಿವಿಷನ್‌ಗೆ ತಳ್ದ,” ಎಂದ ಅರುಳಪ್ಪ. “ನಾವು ಸುಮ್ನೆ ಬಿಟ್ವಾ? ಹುಲ್ಲಲ್ಲಿ ಅವನ ಹೆಣ ಮಾಡಿ, ಚಟ್ಟ ಕಟ್ಟಿ, ನಾವು ನಾಲ್ಕೂ ಜನ ಹೊತ್ಕೊಂಡು ಅವನ ಮನೆ ಮುಂದೇನೇ ಮೆರವಣಿಗೆ ಮಾಡಿದ್ವಿ. ಮಾರನೇ ವಾರ ಕ್ಲಬ್ ಬಿಟ್ಟು ಓಡ್ದ.”

“ತಮಟೆಯವರನ್ನ ಕರೆಸಿದ್ದು ನಾನು,” ಎಂದು ಇನ್ನೊಬ್ಬ ನಕ್ಕ.

ಮೆಟ್ಟಿಲೇರಿ ಬಂದ ಹೆಂಗಸೊಬ್ಬಳು ಹಳೆಯ ಪತ್ರಿಕೆಯ ತುಣುಕೊಂದನ್ನು ಮುಂದೆ ಚಾಚಿದಳು. ಚಟ್ಟ ಹೊತ್ತವರ ಮುಖಗಳು ಅದರಲ್ಲಿ ಸ್ಪಷ್ಟವಾಗಿದ್ದವು.

“ಇವರು ನೀವೇ ತಾನೆ?”

ನಗು ನಿಂತಿತು. ಅರುಳಪ್ಪ ಎದ್ದು ನಿಂತ. “ಹೌದು, ಏನೀಗ? ನೀವ್ಯಾರು, ಪೊಲೀಸಾ?”

“ನೀವು ಬೈತಿದ್ದೀರಲ್ಲ, ಅವರ ಮಗಳು. ನಾಲ್ಕೂ ಜನ ಇಲ್ಲೇ ಇದ್ದೀರಾ?”

“ಇದ್ದೀವಿ. ಏನ್ ಮಾಡ್ತೀರಾ?”

ಅವಳು ತುಣುಕನ್ನು ನಿಧಾನವಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

“ಬನ್ನಿ. ಅಪ್ಪನ್ನ ಹೊರಗೆ ವ್ಯಾನಲ್ಲಿ ಮಲಗಿಸಿದ್ದೀನಿ. ಹೆಗಲು ಕೊಡೋಕೆ ಒಬ್ಬರೂ ಬರಲಿಲ್ಲ.”