ಆರನೇ ದಿನ

ಇಂಚರಾಳಿಗೆ ಟಾನ್ಸಿಲ್ಸ್, ಅಡಿನಾಯ್ಡ್ ಎರಡರ ಆಪರೇಷನ್ನೂ ಆದ ಆರನೇ ದಿನ ಅಜ್ಜಿ ನೀಲಮ್ಮ ಊರಿಂದ ಬಂದರು. ಸೊಸೆ ಸುಜಯಾಳ ಕೈಯಲ್ಲಿದ್ದ ಐಸ್‌ಕ್ರೀಮ್ ಬಟ್ಟಲು ನೋಡಿ ಮೂಗು ಮುರಿದರು.

"ಗಂಟಲು ಕೊಯ್ಸಿಕೊಂಡ ಮಗೂಗೆ ಐಸ್‌ಕ್ರೀಮ್! ಎಷ್ಟು ಓದಿದ್ರೂ ಅಷ್ಟೇ ಬಿಡಮ್ಮ."

"ಡಾಕ್ಟ್ರೇ ಕೊಡಿ ಅಂದಿದ್ದಾರೆ, ಅತ್ತೆ."

"ಗೋಡೆ ತುಂಬಾ ಔಷಧಿ ಪಟ್ಟಿ ಬೇರೆ! ಮಗು ನೋಡ್ಕೊಳ್ತಿದೀಯೋ, ಪರೀಕ್ಷೆಗೆ ಓದ್ತಿದೀಯೋ?"

ಸುಜಯಾ ಬಟ್ಟಲು ಹಿಡಿದುಕೊಂಡು ಒಳಗೆ ಹೋದಳು. ಮಧ್ಯಾಹ್ನ ಮಗು ಮಲಗಿತು. ಪಕ್ಕದಲ್ಲೇ ಕೂತ ನೀಲಮ್ಮ ಅದರ ಕತ್ತನ್ನೇ ದಿಟ್ಟಿಸುತ್ತಿದ್ದರು.

"ಎಷ್ಟು ಹೊತ್ತಿಂದ ಹೀಗೆ ನುಂಗ್ತಾ ಇದಾಳೆ?"

"ನೋವಿರುತ್ತಲ್ಲ ಅತ್ತೆ, ಉಗುಳು ನುಂಗ್ತಾಳೆ."

"ಉಗುಳಂತೆ! ಅಷ್ಟೂ ತಿಳಿಯಲ್ವಾ ನಿಂಗೆ? ಅದು ರಕ್ತ. ಎತ್ಕೋ ಮಗೂನ!"

ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ ಹೊರಬಂದ ಡಾಕ್ಟರು, "ಸರಿಯಾದ ಹೊತ್ತಿಗೆ ತಂದಿರಿ. ಯಾರು ಗಮನಿಸಿದ್ದು?" ಎಂದರು.

"ನಮ್ಮತ್ತೆ," ಎಂದಳು ಸುಜಯಾ.

"ನಿಮಗೆ ಹೇಗೆ ಗೊತ್ತಾಯ್ತಮ್ಮ?"

ನೀಲಮ್ಮ ಸೊಸೆಯ ಮುಖ ನೋಡಲಿಲ್ಲ.

"ನನ್ನ ಮೊದಲನೇ ಮಗಳೂ ಆಪರೇಷನ್ ಆದ್ಮೇಲೆ ಹೀಗೇ ನುಂಗ್ತಾ ಮಲಗಿದ್ಲು. ನಿದ್ದೆ ಮಾಡ್ಲಿ ಅಂತ ನಾನು ಎಬ್ಬಿಸ್ಲಿಲ್ಲ."