ಹೋಗದ ಬಣ್ಣ

ಫ್ಲಾಸ್ಕಿಗೆ ಬಿದ್ದ ನೇರಳೆ ಹನಿಯ ಬಣ್ಣ ಹೋಗಲೇ ಇಲ್ಲ. ಬಣ್ಣ ನಿಂತರೆ ಕ್ರಿಯೆ ಮುಗಿಯಿತೆಂದುಕೊಂಡು ಮಗಳು ಬರೆಯಲು ಪೆನ್ನು ಎತ್ತಿಕೊಂಡಳು. ಸಿಂಕಿನ ಬಳಿ ಪಾತ್ರೆ ತೊಳೆಯುತ್ತಿದ್ದ ಲ್ಯಾಬ್ ಅಟೆಂಡರ್ ತಾಯಿ ಅದನ್ನು ಕಂಡಳು. ಆಕ್ಸಾಲಿಕ್ ಆಮ್ಲವನ್ನು ಬಿಸಿ ಮಾಡದೆ ಪರ್ಮಾಂಗನೇಟ್ ಬಿಟ್ಟರೆ ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ. ಹನ್ನೊಂದು ವರ್ಷದಿಂದ ನೋಡುತ್ತಿದ್ದಾಳೆ. ಹೋದ ವರ್ಷ ಇದೇ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಗಳು ಫೇಲಾದದ್ದೂ ಇದೇ ತಪ್ಪಿನಿಂದ.

"ಇವತ್ತು ನೀವು ಅಮ್ಮ ಅಲ್ಲ, ಬರೀ ಅಟೆಂಡರ್. ಒಂದು ಸನ್ನೆ ಮಾಡಿದ್ರೂ ನಿಮ್ಮ ಮಗಳು ಡಿಬಾರ್," ಎಂದು ಪರೀಕ್ಷಕರು ಬೆಳಿಗ್ಗೆಯೇ ನಗುನಗುತ್ತಾ ಹೇಳಿದ್ದರು. ತಾಯಿ, ತೊಳೆದ ಬೀಕರನ್ನೇ ಮತ್ತೆ ತೊಳೆದಳು. ಈಗ ಅವರೇ ಪಕ್ಕಕ್ಕೆ ಬಂದು ಅವಳ ಬೆರಳುಗಳ ಕಂದು ಕಲೆ ನೋಡಿದರು. "ಪರ್ಮಾಂಗನೇಟಾ? ಇದು ಹೋಗೋದೇ ಇಲ್ವೇನಮ್ಮಾ?" ಆ ಮಾತಿಗೆ ಮಗಳೂ ತಲೆಯೆತ್ತಿದಳು.

ವಾರಕ್ಕೊಮ್ಮೆ ಮಗಳೇ ಆ ಕಲೆಗೆ ನಿಂಬೆಹೋಳು ಉಜ್ಜುತ್ತಾಳೆ. "ಬಿಸಿನೀರಲ್ಲಿ ಅದ್ದಮ್ಮಾ, ಮೊಂಡು ಮಾಡಬೇಡ. ಇದು ಅಪಕರ್ಷಣ ಕ್ರಿಯೆ. ಬಿಸಿ ತಾಗಿದ್ರೆ ಬೇಗ ಬಿಡುತ್ತೆ," ಎಂದು ಟೀಚರಮ್ಮನ ಹಾಗೆ ಗದರುತ್ತಾಳೆ. ಆ ಮಾತು ಈಗ ತಾಯಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಆಡಿದರೆ ಇಡೀ ಲ್ಯಾಬಿಗೆ ಕೇಳಿಸುತ್ತದೆ.

"ಹೋಗುತ್ತೆ ಸಾರ್," ಎಂದಳು. ಉಳಿದದ್ದನ್ನು ಎಂಜಲಿನ ಜೊತೆ ನುಂಗಿ ನಲ್ಲಿ ನಿಲ್ಲಿಸಿದಳು. ಗೋಡೆಗೆ ಮುಖ ಮಾಡಿ, ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಮಗಳ ಮೇಜಿನ ಕಡೆಯಿಂದ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು. ಹತ್ತಲಿಲ್ಲ. ಮತ್ತೆ ಗೀರಿದಳು, ಬರ್ನರ್ ಬುಸ್ಸೆಂದು ಹತ್ತಿತು.