ತಟ್ಟದೆ ಹಾಕಿದ ಓವನ್

“ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು, ನೀನು ನಂಗೆ ರೂಢಿ ಕಲಿಸ್ತೀಯೇನೋ?” ಎಂದು ಪಕ್ಕದ ಮನೆಯ ಸರ್ವಮಂಗಳಮ್ಮ ವಠಾರದವರೆಲ್ಲರ ಮುಂದೆ ಚೆಲುವನನ್ನು ಹಂಗಿಸಿದಳು.

ಊರಿನ ಅರ್ಧ ಜನರ ಹಾಗೆ ಚೆಲುವನ ಅವ್ವನಿಗೂ ಗಾಜಿನ ಕಣ್ಣು. ನೋಟ ಬರುವುದು ವೈಫೈಯಿಂದ. ಪಕ್ಕದಲ್ಲಿ ಮೈಕ್ರೋವೇವ್ ಓವನ್ ಹಾಕಿದರೆ ವೈಫೈ ಕಡಿದು ಕತ್ತಲು. ಅದಕ್ಕೇ ಹಾಕುವ ಮುಂಚೆ ಗೋಡೆ ತಟ್ಟಬೇಕು, ಅಂಥ ಕಣ್ಣಿನವರು ಇದ್ದಲ್ಲೇ ಕೂತುಬಿಡಬೇಕು. ಇವತ್ತು ಸರ್ವಮಂಗಳಮ್ಮ ತಟ್ಟಲಿಲ್ಲ. ಅವ್ವ ಮೆಟ್ಟಿಲಿಂದ ಉರುಳಿ ಹಣೆ ಒಡೆದುಕೊಂಡಿದ್ದಳು.

“ಒಂದು ಲೋಟ ಹಾಲು ಕಾಯ್ಸೋಕೂ ನಿಮ್ಮವ್ವನ ಅಪ್ಪಣೆ ಬೇಕಾ? ಒಂದ್ಕಡೆ ಬಿದ್ದಿರೋಕೆ ಹೇಳು.”

ಚೆಲುವನ ಮೈಯೆಲ್ಲ ಉರಿದುಹೋಯಿತು. ಸೀದಾ ಅವಳ ಅಡುಗೆಮನೆಗೆ ನುಗ್ಗಿ, ವೈರು ಕಿತ್ತು, ಓವನ್ನನ್ನು ಹೆಗಲಿಗೇರಿಸಿಕೊಂಡು ಹೊರಬಂದ.

“ಲೋ, ಹಾಲು ಒಳಗೇ ಇದೆ ಕಣೋ.”

ಬಿಸಿ ಹಾಲು ಬೆನ್ನ ಮೇಲೆ ಇಳಿಯುತ್ತಿದ್ದರೂ ಅವನು ನಿಲ್ಲದೆ ಗೇಟು ದಾಟಿ ನಡೆದ.